ಲೈನ್ ಆಫ್ ಸೈಟ್ ಮತ್ತು ಒಂದು ಗೇಣು ಜಾಗ

ನಮ್ಮ ಮನೆಯ ಕೊನೆಯ ಮಾಮೂಲು ದಿನ ಒಂದು ಮಂಗಳವಾರ. ಅಂದು ನನ್ನ ಹೆಂಡತಿ ಶಂಕ್ರಮ್ಮ ಮಾಳಿಗೆಯ ಮೇಲೆ ಹಪ್ಪಳ ಹರವಿ, ಕಾಗೆ ಕಾಯಲು ನನ್ನನ್ನು ಕೂಡಿಸಿದ್ದಳು. ನಾನು ನಾರಾಯಣಪೇಟೆಯ ಸೀರೆ ಅಂಗಡಿಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಸೀರೆ ಮಡಚುವವನು. ಗಿರಾಕಿಗಳು ಬಿಚ್ಚಿ ಒಗೆದ ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ, ಗೆರೆ ತಪ್ಪದಂತೆ ಮತ್ತೆ ಮಡಚುವುದು ನನ್ನ ಕೆಲಸ. ಇಂಥ ಅನುಭವಸ್ಥನನ್ನು ಕಾಗೆ ಕಾಯಲು ಹಚ್ಚುವುದು ಸರಿಯೇ ಎಂದು ನಾನು ಕೇಳಲಿಲ್ಲ. ಮಂಗಳವಾರ ಅಂಗಡಿಗೆ ರಜೆ. ಮನೆಯಲ್ಲಿ ರಜೆ ಎಂಬುದಿರಲಿಲ್ಲ!

ಆ ಹೊತ್ತಿಗೆ ಕೈಯಲ್ಲಿ ಎರಡು ಬಿಳಿ ಪೆಟ್ಟಿಗೆ ಹಿಡಿದ ಹೆಣ್ಣುಮಗಳೊಬ್ಬಳು ಬಾಗಿಲಿಗೆ ಬಂದಳು. ಹೆಸರು ಸುಜಾತಾ. ಹೈದರಾಬಾದಿನಲ್ಲಿ ಟೆಲಿಫೋನ್ ಟವರಿನ ಸಾಮಾನು ತಯಾರಿಸುವ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಇಂಜಿನಿಯರು. ತಾಯಿಯ ಕಡೆಯವರು ರಾಯಚೂರಿನವರಂತೆ. ಹಾಗಾಗಿ ಕನ್ನಡವನ್ನು ತೆಲುಗಿನಲ್ಲಿ ಅದ್ದಿ ಮಾತಾಡುತ್ತಿದ್ದಳು.

"ತಂತಿ ಇಲ್ಲದೆ ಮನೆಗೆ ಇಂಟರ್ನೆಟ್ ಕೊಡೋಕೆ ಎರಡು ಪದ್ಧತಿ ಇದಾವೆ ಆಂಟೀ. ಇದು ವೈಮ್ಯಾಕ್ಸ್, ಮೊದಲು ಬಂದದ್ದು. ನಮ್ಮವರು ಇದರ ಮೇಲೆ ಚಾಲಾ ವರ್ಷ ಕಷ್ಟಪಟ್ಟಿದ್ದಾರೆ. ಇದು ಎಲ್‌ಟಿಇ, ಮೊಬೈಲಿನವರ ಕಡೆಯಿಂದ ಈಗ ಬಂದದ್ದು. ಎರಡನ್ನೂ ಒಂದೇ ಮಾಳಿಗೆ ಮೇಲೆ ಇಟ್ಟು ನೋಡ್ತೇವೆ. ಯಾವುದು ಚೆನ್ನಾಗಿ ನಡೀತದೋ ಅದನ್ನ ಕಂಪನಿ ಇಟ್ಕೊಳ್ತದೆ."

ಶಂಕ್ರಮ್ಮ ಎರಡೂ ಪೆಟ್ಟಿಗೆಗಳನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು.

"ಅಂದ್ರ ಇದು ಹಿರೇಸೊಸಿ, ಇದು ಕಿರೇಸೊಸಿ. ಇಬ್ಬರನ್ನೂ ಒಂದ ಮನ್ಯಾಗ ಇಟ್ಟು, ಯಾರು ಚಲೋ ದುಡೀತಾರ ಅಂತ ನೋಡೋದು. ಹೌದಿಲ್ಲ?"

ಸುಜಾತಾ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

"ಮಾಳಗಿ ಕೊಡ್ತೀನವ್ವಾ," ಎಂದಳು ಶಂಕ್ರಮ್ಮ. "ಆದ್ರ ಗದ್ವಾಲದಾಗ ನಮ್ಮವ್ವನ ಮನಿ ಮ್ಯಾಲೂ ಇವನ್ನ ಇಡಬೇಕು. ಆಕಿ ಸೊಂಟ ಮುರದು ಆರು ವರ್ಷ ಆತು, ಹಾಸಿಗಿ ಬಿಟ್ಟು ಏಳಂಗಿಲ್ಲ. ನಾ ಹೋದ ವರ್ಷ ಅಡಗಿಮನ್ಯಾಗ ಕಡಪಾ ಕಲ್ಲಿನ ಕಟ್ಟಿ ಮಾಡಿಸೀನಿ. ಆಕಿ ನೋಡೇ ಇಲ್ಲ. ಚಿತ್ರದಾಗರೆ ನೋಡ್ಲಿ."

"ಈ ಕಟ್ಟೀ ಸುದ್ದಿ ನಿಮ್ಮವ್ವಗ ದಿನಾ ಫೋನಿನ್ಯಾಗ ಹೇಳ್ತಿಯಲ್ಲ," ಎಂದೆ ನಾನು.

"ಹೇಳಿದ್ರ ಕಾಣ್ತದೇನ್ರೀ? ಕಾಗಿ ಬಂದಾವ ನೋಡ್ರಿ ಅಲ್ಲಿ!"

ಕಾಗೆ ಎರಡು ಹಪ್ಪಳ ಒಯ್ದಿತ್ತು. ಮಾತುಕತೆ ಮಾತ್ರ ಕುದುರಿತು. ಗದ್ವಾಲದಲ್ಲೂ ಅವರಿಗೆ ಒಂದು ಮನೆ ಬೇಕಿತ್ತಂತೆ. ನಾರಾಯಣಪೇಟೆಯ ಟವರಿನಿಂದ ಮಕ್ತಲ್ ಟವರಿಗೆ, ಅಲ್ಲಿಂದ ಕೃಷ್ಣಾ ದಾಟಿ ಗದ್ವಾಲಕ್ಕೆ ನಮ್ಮ ಮುಖಗಳು ಹೋಗಬೇಕು. ಎರಡು ಮನೆ ಸೇರಿ ಒಂದು ಜೋಡಿ.

ಬುಧವಾರ ಬೆಳಿಗ್ಗೆ ಶಂಕ್ರಮ್ಮ ಏಳಲಿಲ್ಲ. ಇದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಅತ್ತೆಗೆ ಬರಲಾಗಲಿಲ್ಲ. ಮಗಳ ಮುಖ ನೋಡಲಾಗಲಿಲ್ಲ. ಮೂರನೇ ದಿನ ಫೋನಿನಲ್ಲಿ, "ಕಟ್ಟಿ ತೋರಸ್ತೀನಿ ಅಂದಿದ್ಲು, ಅಳಿಯಾ," ಎಂದಳು.

"ನಾ ತೋರಸ್ತೀನ್ರಿ ಅತ್ತಿ," ಎಂದೆ.

ಮಾತು ಕೊಟ್ಟವನು ನಾನು. ಆದ್ದರಿಂದಲೇ ಮುಂದಿನದೆಲ್ಲ ನಡೆಯಿತು!

ಶಂಕ್ರಮ್ಮನ ಶಿವಗಣಾರಾಧನೆ ಮುಗಿದ ಮೇಲೆ ಸುಜಾತಾಳ ಫೋನ್ ಬಂತು. ಸುದ್ದಿ ಕೇಳಿ ಬಹಳ ನೊಂದುಕೊಂಡಳು. ಆಮೇಲೆ ಅಳುಕುತ್ತಲೇ ಹೇಳಿದಳು: "ಅಂಕುಲ್, ಒಂದೇ ಕೆಲಸ ಉಳಿದಿದೆ. ಮೀ ಲೈನ್ ಆಫ್ ಸೈಟ್ ಕ್ಲಿಯರ್ ಉಂಡಾಲಿ, ಇರಬೇಕು. ಇಲ್ಲಾಂದ್ರೆ ಕಂಪನಿ ಬೇರೆ ಮನೆ ನೋಡ್ತದೆ. ಆಗ ಗದ್ವಾಲದ ಮನೆಯೂ ಕ್ಯಾನ್ಸಲ್."

ಸೈಟ್ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತಕ್ಕೆ ನಲವತ್ತರ ಸೈಟಿನಲ್ಲೇ ನಾನು ಮನೆ ಕಟ್ಟಿಸಿದ್ದು. ಇನ್ನು ಲೈನ್ ಎಂದರೆ ಗೆರೆ. ಗೆರೆಯ ವಿಷಯದಲ್ಲಿ ಇಡೀ ನಾರಾಯಣಪೇಟೆಯಲ್ಲಿ ನನಗೆ ಪಾಠ ಹೇಳುವವರು ಯಾರು?

"ನನ್ನ ಸೈಟಿನ ಲೈನ್ ಕ್ಲಿಯರ್ ಐತಮ್ಮಾ. ಕಾಗದ ಟ್ರಂಕಿನ್ಯಾಗ ಅದಾವ," ಎಂದೆ.

"ಕಾಗದ ಬೇಡ ಅಂಕುಲ್. ಸೈಟ್ ಕ್ಲಿಯರ್ ಇದ್ದರೆ ಸಾಕು," ಎಂದಳು. ಫೋನ್ ಕಟ್ಟಾಯಿತು.

ಕಾಗದ ಬೇಡ! ಎಂದರೆ ಕಂಪನಿಗೆ ಕಾಗದದ ಮೇಲೆ ನಂಬಿಕೆ ಇಲ್ಲ. ಸ್ಥಳದಲ್ಲೇ ಅಳತೆಯಾಗಬೇಕು. ಇಂಥ ಕಟ್ಟುನಿಟ್ಟಿನ ಕಂಪನಿಯ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ತಹಸೀಲು ಕಚೇರಿಗೆ ಹೋದೆ. ಅಲ್ಲಿ ಏಣಿ ಹಾಕಿ, ಬೋರ್ಡಿನ ಮೇಲಿದ್ದ ಆಂಧ್ರಪ್ರದೇಶ ಅಳಿಸಿ ತೆಲಂಗಾಣ ಬರೆಯುತ್ತಿದ್ದರು. ಒಂದು ರಾಜ್ಯದ ಗೆರೆಯನ್ನೇ ಹೊಸದಾಗಿ ಎಳೆಯುತ್ತಿರುವಾಗ ನನ್ನ ಗೆರೆ ಎಲ್ಲಿ ಮುಂದೆ ತರಲಿ ಎನಿಸಿ, ಬಸ್ಸು ಹತ್ತಿ ಮಕ್ತಲ್‌ಗೆ ಹೋದೆ. ಅಲ್ಲಿ ಖಾಜಾಸಾಬ್ ಎಂಬ ನಿವೃತ್ತ ಸರ್ವೇಯರ್ ಇದ್ದರು. ಕೆಲಸದಿಂದ ನಿವೃತ್ತರಾದರೂ ತಮ್ಮ ಕಬ್ಬಿಣದ ಸರಪಳಿಯನ್ನು ನಿವೃತ್ತಿಗೊಳಿಸಿರಲಿಲ್ಲ. ಮರುದಿನವೇ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಂದರು.

ಸರಪಳಿಯ ಒಂದು ತುದಿ ಪಕ್ಕದ ಮನೆಯ ವೀರಭದ್ರಪ್ಪನ ಅಂಗಳದಲ್ಲಿ ಬಿತ್ತು. ವೀರಭದ್ರಪ್ಪ ಬೀಜದ ಅಂಗಡಿಯವನು. ಹದಿನೈದು ವರ್ಷದ ನೆರೆ. ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಓಡಿ ಬಂದ.

"ಏನ್ ನಡಸೀಯೋ ಮಲ್ಲಣ್ಣಾ? ಮನ್ಯಾಗಿನ ದುಃಖ ಇನ್ನಾ ಆರಿಲ್ಲ, ಜಾಗ ಅಳಿಯಾಕ ನಿಂತೀಯಲ್ಲ!"

"ಲೈನ್ ಕ್ಲಿಯರ್ ಮಾಡಾಕತ್ತೀನಪ್ಪಾ. ಕಂಪನಿ ಕೇಳೇತಿ."

"ಯಾವ ಕಂಪನಿ? ನನ್ನ ಗ್ವಾಡಿ ಮ್ಯಾಲೆ ಕಂಪನಿ ಕಣ್ಣು ಬಿತ್ತೇನು?"

ಬಿದ್ದದ್ದು ಕಣ್ಣೇ! ಅವನು ತನಗೆ ತಿಳಿಯದಂತೆ ಆ ಇಂಗ್ಲಿಷ್ ಮಾತಿನ ಸರಿಯಾದ ಅರ್ಥವನ್ನೇ ಹೇಳಿಬಿಟ್ಟಿದ್ದ. ಅದನ್ನು ಗುರುತಿಸುವ ಯೋಗ್ಯತೆ ನನಗಿರಲಿಲ್ಲ.

ಖಾಜಾಸಾಬರು ಎರಡು ಸಲ ಅಳೆದರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ಅಳೆದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಮಲ್ಲಣ್ಣಾ, ಜಾಗದ ಹದ್ದು ಸಾಫ್ ಆತು. ಆದ್ರ ನಿಮ್ಮ ಮೆಟ್ಟಲಾ ಅವರ ಜಾಗದಾಗ ಒಂದು ಗೇಣು ಕುಂತಾವ."

ಹದಿನೈದು ವರ್ಷ ಯಾರಿಗೂ ಗೊತ್ತಿಲ್ಲದ ನನ್ನ ಒತ್ತುವರಿಯನ್ನು ನಾನೇ ಮಕ್ತಲ್‌ನಿಂದ ತಜ್ಞರನ್ನು ಕರೆಸಿ ಕಂಡುಹಿಡಿದಿದ್ದೆ!

ವೀರಭದ್ರಪ್ಪ ಬ್ರಷ್ ಹೊರತೆಗೆದ. "ಮೆಟ್ಟಲಾ ಕೆಡವು ಅನ್ನಂಗಿಲ್ಲ ನಾ. ಆದ್ರ ನನ್ನ ಹದ್ದಿನ ತುದೀಗಿ ನನಗ ಬೇಕಾದ್ದು ಕಟ್ಟತೀನಿ. ಆಗ ಮಾತಾಡಬ್ಯಾಡ."

ವಾರದೊಳಗೆ ಅವನ ಮಾಳಿಗೆಯ ಅಂಚಿಗೆ ಇಟ್ಟಿಗೆಯ ನಾಲ್ಕು ಕಂಬ ಎದ್ದವು. ಅವುಗಳ ಮೇಲೆ ಆನೆಮರಿಯಂಥ ಕರಿ ನೀರಿನ ಟ್ಯಾಂಕು ಬಂದು ಕೂತಿತು. ನಾನು ಸುಜಾತಾಳಿಗೆ ಫೋನ್ ಮಾಡಿ, "ಲೈನ್ ಕ್ಲಿಯರ್ ಆತಮ್ಮಾ, ಸರ್ವೇನೂ ಮಾಡಿಸೀನಿ," ಎಂದೆ. "ಸರ್ವೇ ಕೂಡಾನಾ? ಸೂಪರ್ ಅಂಕುಲ್!" ಎಂದಳು. ಅವಳ ಕೆಲಸದಲ್ಲೂ ಸರ್ವೇ ಎಂಬುದೊಂದು ಇದೆಯಂತೆ. ಆ ದಿನ ನಾವಿಬ್ಬರೂ ಪರಸ್ಪರ ಬಹಳ ಮೆಚ್ಚಿಕೊಂಡೆವು.

ಹೊಸ ರಾಜ್ಯದ ಮೊದಲ ದಿನವೇ ಪರೀಕ್ಷೆ. ಊರೆಲ್ಲ ಪಟಾಕಿ, ಗುಲಾಬಿ ಬಣ್ಣ, ಜೈಕಾರ. ಅದರ ನಡುವೆ ಸುಜಾತಾ ಪೆಟ್ಟಿಗೆಗಳೊಂದಿಗೆ ಬಂದು ಮಾಳಿಗೆ ಹತ್ತಿದಳು. ಗದ್ವಾಲದಲ್ಲಿ ಅವಳ ಜೊತೆಗಾರರು ಆಗಲೇ ಪೆಟ್ಟಿಗೆ ಕೂಡಿಸಿ, ನನ್ನ ಮೈದುನ ಶರಣಪ್ಪನ ಕೈಗೆ ಕಂಪ್ಯೂಟರ್ ಕೊಟ್ಟಿದ್ದರು. ಅತ್ತೆ ತಲೆ ಬಾಚಿಸಿಕೊಂಡು, ಶಂಕ್ರಮ್ಮ ಕೊಟ್ಟಿದ್ದ ನಾರಾಯಣಪೇಟೆ ಸೀರೆ ಉಡಿಸಿಕೊಂಡು ಕಾದಿದ್ದಳಂತೆ.

ಸುಜಾತಾ ದುರ್ಬೀನು ಕಣ್ಣಿಗಿಟ್ಟಳು. ಇಳಿಸಿದಳು. ಮತ್ತೆ ಇಟ್ಟಳು.

"ಅಂಕುಲ್, ಈ ಟ್ಯಾಂಕು ಅಪ್ಪುಡು ಲೇದು ಕದಾ? ಆಗ ಇರಲಿಲ್ಲ ಅಲ್ಲವಾ?"

"ಇಲ್ಲಮ್ಮಾ. ಲೈನ್ ಕ್ಲಿಯರ್ ಮಾಡಿಸಿದ ಮ್ಯಾಲೆ ಬಂತು."

ಅವಳು ನನ್ನನ್ನು ನೋಡಿದಳು. ಖಾಜಾಸಾಬರು ಹಚ್ಚಿಹೋದ ಸುಣ್ಣದ ಗೆರೆಯನ್ನು ನಾನು ಹೆಮ್ಮೆಯಿಂದ ತೋರಿಸಿದೆ. ಅವಳು ಮೆಲ್ಲಗೆ ಪೆಟ್ಟಿಗೆ ಕೆಳಗಿಟ್ಟಳು.

"ಸೈಟ್ ಅಂದ್ರೆ ಜಾಗ ಅಲ್ಲ ಅಂಕುಲ್. ನೋಟ. ಇಲ್ಲಿಂದ ನೋಡಿದರೆ ಟವರ್ ಕಾಣಬೇಕು. ನಡುವೆ ಏನೂ ಅಡ್ಡ ಇರಬಾರದು. ಅಷ್ಟೇ."

ಅಷ್ಟೇ! ಹದಿನೈದು ವರ್ಷದ ನೆರೆ, ಒಂದು ಗೇಣು ಜಾಗ, ಒಂದು ಸರಪಳಿ, ಒಂದು ಕರಿ ಟ್ಯಾಂಕು. ಮೊದಲು ಏನೂ ಅಡ್ಡ ಇರಲಿಲ್ಲ. ಅಡ್ಡವನ್ನು ನಾನೇ ಕಷ್ಟಪಟ್ಟು ಕಟ್ಟಿಸಿದ್ದೆ.

"ನೋಡೋಣ," ಎಂದು ಅವಳು ಎರಡನ್ನೂ ಚಾಲೂ ಮಾಡಿದಳು. ಹಿರೇಸೊಸೆ ಟ್ಯಾಂಕಿನ ಹಿಂದೆ ಮುಖ ಊದಿಸಿಕೊಂಡು ಕೂತಳು. ಒಂದು ದೀಪವೂ ಹತ್ತಲಿಲ್ಲ. ಕಿರೇಸೊಸೆ ಟ್ಯಾಂಕಿನ ಪಕ್ಕದಿಂದ ಇಣುಕಿ ಏನೋ ಸ್ವಲ್ಪ ದುಡಿದಳು. ಅವಳು ತಂದಿದ್ದ ಕಂಪ್ಯೂಟರಿನ ಪರದೆಯ ಮೇಲೆ ಅತ್ತೆಯ ಹಣೆ ಮತ್ತು ಒಂದು ಕಣ್ಣು ಬಂದು ನಿಂತವು. "ಅ... ಅ... ಅ..." ಎಂಬ ಧ್ವನಿ ಬಂತು. ಅಳಿಯಾ ಎಂಬುದು ಪೂರ್ತಿಯಾಗಲಿಲ್ಲ!

ನನಗೆ ಹಿರೇಸೊಸೆ ಗೆಲ್ಲಬೇಕಿತ್ತು. ನಮ್ಮ ಮನೆಗೆ ಶಂಕ್ರಮ್ಮ ಹಿರೇಸೊಸೆಯಾಗಿ ಬಂದವಳು. ಹಾಗಾಗಿ ಆ ಪೆಟ್ಟಿಗೆಯನ್ನು ಎತ್ತಿಕೊಂಡು ಮಾಳಿಗೆಯ ಗೋಡೆ ಹತ್ತಿ, ಎರಡೂ ಕೈಯಿಂದ ತಲೆಯ ಮೇಲೆ ಹಿಡಿದೆ. ಐವತ್ತಾರು ವರ್ಷದ ಸೀರೆ ಮಡಚುವವನೊಬ್ಬ ವಿಜ್ಞಾನಕ್ಕೆ ಇದಕ್ಕಿಂತ ಹೆಚ್ಚು ಏನು ಮಾಡಬಲ್ಲ?

"ವಚ್ಚಿಂದಿ! ಬಂತು! ಪೋಯಿಂದಿ, ಹೋಯ್ತು," ಎಂದಳು ಸುಜಾತಾ. "ಅಂಕುಲ್, ಸ್ವಲ್ಪ ಬಗ್ಗಿ. ನಿಮ್ಮ ತಲೆ ಅಡ್ಡ ಬರ್ತಿದೆ."

ಆಗ ವೀರಭದ್ರಪ್ಪ ತನ್ನ ಮಾಳಿಗೆಗೆ ಬಂದ. ಗೋಡೆಯ ಮೇಲೆ, ಅವನ ಟ್ಯಾಂಕಿನ ಬದಿಗೆ, ಕೈಯಲ್ಲಿ ಪೆಟ್ಟಿಗೆ ಎತ್ತಿ ಹಿಡಿದ ನಾನು ಅವನ ಕಣ್ಣಿಗೆ ಬಿದ್ದೆ.

"ಏಯ್! ನನ್ನ ನೀರಿನ್ಯಾಗ ಏನು ಹಾಕಾಕತ್ತೀಯೋ?"

"ಏನೂ ಹಾಕವಲ್ಲೆ. ಗದ್ವಾಲ ನೋಡಾಕತ್ತೀನಿ!"

ಈ ಉತ್ತರದಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಕೊನೆಗೆ ಇಳಿದು ಎಲ್ಲ ಹೇಳಿದೆ. ಸೈಟು, ಲೈನು, ಅತ್ತೆ, ಕಟ್ಟೆ, ಮಾತು ಕೊಟ್ಟದ್ದು. ವೀರಭದ್ರಪ್ಪ ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ.

"ಕಣ್ಣಿಲೆ ನೋಡೋದನ್ನ ಸರಪಳಿಲೆ ಅಳದ್ಯಲ್ಲೋ ಮಾರಾಯಾ!"

ಅವನು ನಕ್ಕ. ಸುಜಾತಾ ನಕ್ಕಳು. ನಾನೂ ನಕ್ಕೆ. ಆ ಮಂಗಳವಾರದ ನಂತರ ನಾನು ನಕ್ಕದ್ದು ಅದೇ ಮೊದಲು.

ಅವನ ಹೆಂಡತಿ ಸರೋಜಮ್ಮ ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವಳು ನಗಲಿಲ್ಲ. ಗಂಡನ ಕಡೆ ತಿರುಗಿ, "ಶಂಕ್ರಮ್ಮಕ್ಕ ದಿನಾ ಈ ಗ್ವಾಡಿ ಮ್ಯಾಲಿಂದನ ನನಗ ಪಲ್ಯದ ಬಟ್ಟಲಾ ಕೊಡ್ತಿದ್ದಳು. ಆಗ ನಿಮಗ ಹದ್ದು ಕಾಣ್ತಿದ್ದಿಲ್ಲೇನು?" ಎಂದಳು. ಆಮೇಲೆ ಸುಜಾತಾಳಿಗೆ, "ಬಾಯವ್ವಾ. ಟ್ಯಾಂಕು ಅಡ್ಡ ಆದ್ರ ಟ್ಯಾಂಕಿನ ಮ್ಯಾಲೇ ಇಡು. ಅದಕ್ಕಿಂತ ಎತ್ತರ ಈ ಓಣ್ಯಾಗ ಏನೈತಿ?"

ಹೈದರಾಬಾದಿನ ಸಂಶೋಧನಾ ವಿಭಾಗಕ್ಕೆ ಹೊಳೆಯದ್ದು ಸರೋಜಮ್ಮನಿಗೆ ಹೊಳೆಯಿತು! ವೀರಭದ್ರಪ್ಪನೇ ಏಣಿ ಹಿಡಿದ. ಪೆಟ್ಟಿಗೆಗಳು ಟ್ಯಾಂಕಿನ ನೆತ್ತಿಯೇರಿದವು. ದುರ್ಬೀನಿನಲ್ಲಿ ಟವರು ಬುಡದಿಂದ ತುದಿಯವರೆಗೆ ಕಂಡಿತು. ಹಿರೇಸೊಸೆಯ ದೀಪಗಳು ಒಂದೊಂದಾಗಿ ಐದೂ ಹತ್ತಿದವು. ಅದೇ ಹೊತ್ತಿಗೆ ಚೌಕಿನಲ್ಲಿ ಪಟಾಕಿಯ ದೊಡ್ಡ ಸರ ಸಿಡಿಯಿತು. ಅದು ರಾಜ್ಯಕ್ಕಾಗಿ ಎಂದು ಊರವರು ತಿಳಿದುಕೊಂಡರು. ನಾನು ತಿದ್ದಲು ಹೋಗಲಿಲ್ಲ.

ಅತ್ತೆ ಪೂರ್ತಿಯಾಗಿ ಬಂದಳು. ಎರಡೂ ಕಣ್ಣು, ಮೂಗುಬಟ್ಟು, ಸೀರೆಯ ಅಂಚು.

"ಅಳಿಯಾ, ಎಷ್ಟ ಸೊರಗೀರಿ!"

"ಇಲ್ರಿ ಅತ್ತಿ, ಚಿತ್ರದಾಗ ಹಂಗ ಕಾಣ್ತದ."

"ಸುಳ್ಳ ಹೇಳಬ್ಯಾಡ್ರಿ. ಕಟ್ಟಿ ತೋರಸ್ರಿ."

ಕಂಪ್ಯೂಟರ್ ಎತ್ತಿಕೊಂಡು ಅಡುಗೆಮನೆಗೆ ನಡೆದೆ. ಹಿಂದೆ ವೈರು ಹಿಡಿದ ಸುಜಾತಾ, ಅವಳ ಹಿಂದೆ ವೈರಿನ ಸುರುಳಿ ಹಿಡಿದ ವೀರಭದ್ರಪ್ಪ. ತಂತಿ ಇಲ್ಲದ ಇಂಟರ್ನೆಟ್ಟಿಗೆ ಇಷ್ಟು ತಂತಿ ಬೇಕೆಂದು ನನಗೆ ಗೊತ್ತಿರಲಿಲ್ಲ! ಕಟ್ಟೆ ತೋರಿಸಿದೆ. ಅದರ ಮೇಲಿನ ಒಲೆ, ಡಬ್ಬಿಗಳ ಸಾಲು, ಕಲ್ಲಿನ ಅಂಚಿಗೆ ಶಂಕ್ರಮ್ಮ ಹಚ್ಚಿಸಿದ್ದ ಕೆಂಪು ಪಟ್ಟಿ. ಅತ್ತೆ ಮುಖವನ್ನು ಪರದೆಗೆ ಹತ್ತಿರ ತಂದು ನೋಡಿದಳು.

"ಎತ್ತರ ಸರಿ ಐತಿ. ಆಕಿಗಿ ಬಗ್ಗೋದು ತಪ್ಪಿತ್ತು," ಎಂದಳು. ಆಮೇಲೆ, "ಕಟ್ಟಿ ಒರಸೀರಿ. ಚಲೋ ಮಾಡೀರಿ," ಎಂದಳು.

ಕೊಟ್ಟ ಮಾತು ನಡೆಯಿತು. ಇಪ್ಪತ್ತೆಂಟು ವರ್ಷದಲ್ಲಿ ಯಾವ ಸೀರೆಯನ್ನೂ ಅಷ್ಟು ಚೆನ್ನಾಗಿ ಮಡಚಿಲ್ಲ ಎನಿಸಿತು.

ಕೆಲವು ತಿಂಗಳ ಮೇಲೆ ಕಂಪನಿ ಕಿರೇಸೊಸೆಯನ್ನೇ ಇಟ್ಟುಕೊಂಡಿತು. ಆಗಲೇ ಲೋಕವೆಲ್ಲ ಅವಳ ಕಡೆಗೇ ಇತ್ತಂತೆ. ಹಿರೇಸೊಸೆಯನ್ನು ಯಾರೂ ಒಯ್ಯಲಿಲ್ಲ. ಅವಳು ಕೂತ ಟ್ಯಾಂಕಿನ ಕಂಬಕ್ಕೆ ಹಗ್ಗ ಕಟ್ಟಿ ಸರೋಜಮ್ಮ ಬಟ್ಟೆ ಒಣಹಾಕುತ್ತಾಳೆ. ಸುಜಾತಾ ತನ್ನ ವರದಿಯ ಒಂದು ಪ್ರತಿ ಕಳಿಸಿದ್ದಳು. ಇಂಗ್ಲಿಷಿನಲ್ಲಿತ್ತು. ನಮ್ಮ ಮನೆಯ ಸಂಗತಿ ಇದ್ದ ಸಾಲನ್ನು ವೀರಭದ್ರಪ್ಪ ಓಣಿಯ ಮುಂದೆ ಓದಿ ಅರ್ಥ ಹೇಳಿದ: "ನೋಟಕ್ಕೆ ಅಡ್ಡ ಬಂದವು: ನೀರಿನ ಟ್ಯಾಂಕು ಒಂದು, ಮನೆಯ ಯಜಮಾನ ಒಂದು."

ಅತ್ತೆ ಈಗಲೂ ಪ್ರತಿ ಮಂಗಳವಾರ ಪರದೆಯ ಮೇಲೆ ಬರುತ್ತಾಳೆ. ಕಟ್ಟೆ ಒರೆಸಿದೆನೋ ಇಲ್ಲವೋ ಎಂದು ತಪಾಸಣೆ ಮಾಡುತ್ತಾಳೆ. ಗದ್ವಾಲದಿಂದ ನಮ್ಮ ಅಡುಗೆಮನೆಯವರೆಗೆ ನೋಟಕ್ಕೆ ಈಗ ಏನೂ ಅಡ್ಡವಿಲ್ಲ. ಶಂಕ್ರಮ್ಮ ಒಬ್ಬಳು ಕಾಣುವುದಿಲ್ಲ.