ಹಳೆಯ ಬ್ಯಾಕಪ್ ಬಾಯಿ ಬಿಟ್ಟಾಗ

ಒಮ್ಮೆ ಆಗಿದ್ದರೆ ನನ್ನ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆ. ಆದರೆ ಈ ಕೆಲಸಕ್ಕೆ ಬಿದ್ದಾಗಿನಿಂದ ನನಗೆ ಇಂಥವು ಆಗುತ್ತಲೇ ಇವೆ. "ಕಂಪ್ಯೂಟರ್ ರಿಪೇರಿಗಿ ಇಷ್ಟ್ಯಾಕ ಹೆದರ್ತಿ? ನೀ ಏನು ಹೊಟ್ಟಿ ಆಪರೇಶನ್ ಮಾಡ್ಲಿಕತ್ತೀಯೇನು?" ಎಂದು ನನ್ನ ಗಂಡ ಕೇಳುತ್ತಾರೆ. ಆಪರೇಶನ್ ಆದರೆ ಚಿಂತೆ ಇರಲಿಲ್ಲ, ರೋಗಿಗೆ ಎಚ್ಚರವಿರುವುದಿಲ್ಲ. ನನ್ನ ಕೆಲಸದಲ್ಲಿ ಇಡೀ ಮನೆಯವರು ಬೆನ್ನ ಹಿಂದೆ ನಿಂತು ನೋಡುತ್ತಿರುತ್ತಾರೆ.

ಮೊದಲು ನಾನು ಬೀದರಿನ ಚಿದ್ರಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಅದಕ್ಕೇ ಇಂದಿಗೂ ಎಲ್ಲರೂ ಅಕ್ಕೋರು ಎನ್ನುತ್ತಾರೆ. ಈಗ ಮನೆಮನೆಗೆ ಹೋಗಿ ಮನೆಖರ್ಚು ಬರೆದಿಡುವ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ, ಕೆಟ್ಟರೆ ಸರಿಮಾಡುತ್ತೇನೆ. ಅದರಲ್ಲಿ ರಿಮೈಂಡರ್ ಎಂಬುದೊಂದು ಇದೆ. ಗ್ಯಾಸ್ ಹೇಳುವುದು, ವಿಮೆ ಕಟ್ಟುವುದು, ಯಾರಿಗಾದರೂ ಸುದ್ದಿ ಮುಟ್ಟಿಸುವುದು, ಏನಿದ್ದರೂ ತಾರೀಖು ಹಾಕಿ ಬರೆದಿಡಬಹುದು. ಕೆಲವು ರಿಮೈಂಡರುಗಳು ಟಿಂಗ್ ಎಂದು ನೆನಪಿಸಿ ಸುಮ್ಮನಾಗುತ್ತವೆ. ಕೆಲವು ಯಾರನ್ನೂ ಕೇಳದೆ ತಾವೇ ಸಂದೇಶ ಕಳಿಸಿಬಿಡುತ್ತವೆ.

ತೊಂದರೆ ಇರುವುದು ಕಂಪ್ಯೂಟರ್ ಕೆಟ್ಟು ಹಳೆಯ ಬ್ಯಾಕಪ್ ತುಂಬಿದಾಗ. ಆರು ತಿಂಗಳ ಹಿಂದಿನ ಬ್ಯಾಕಪ್ ತುಂಬಿದರೆ ಸಾಫ್ಟ್‌ವೇರಿಗೆ ತಾನು ಆರು ತಿಂಗಳು ನಿದ್ದೆ ಮಾಡಿಬಿಟ್ಟೆ ಅನ್ನಿಸುತ್ತದೆ. ಗಾಬರಿಯಿಂದ ಎದ್ದು, ಆ ಆರು ತಿಂಗಳ ಕೆಲಸವನ್ನೆಲ್ಲ ಒಂದೇ ಏಟಿಗೆ ಮುಗಿಸಲು ಹೊರಡುತ್ತದೆ. ಹಾಗಾಗಿ ಮೊದಲು ನೆಟ್ ತೆಗೆಯಬೇಕು, ಆಮೇಲೆ ಬ್ಯಾಕಪ್ ತುಂಬಬೇಕು, ಮುಗಿದುಹೋದ ರಿಮೈಂಡರುಗಳನ್ನೆಲ್ಲ ಅಳಿಸಬೇಕು, ಕಡೆಗೆ ನೆಟ್ ಹಚ್ಚಬೇಕು. ಇಷ್ಟೇ ಕೆಲಸ. ಇಷ್ಟನ್ನು ಮಾಡಿ ಮುಗಿಸುವ ಹೊತ್ತಿಗೆ ನನ್ನ ಸೆರಗು ಬೆವರಿನಿಂದ ತೊಯ್ದಿರುತ್ತದೆ.

1. ದೇವರ ಮುಂದಿನ ಪೆನ್‌ಡ್ರೈವ್

ಚಿದ್ರಿಯಲ್ಲೇ, ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಬಟ್ಟೆ ಅಂಗಡಿಯವರು ಇದ್ದಾರೆ. ಅವರ ಮನೆಯ ಕಂಪ್ಯೂಟರ್ ಸತ್ತೇಹೋಗಿತ್ತು. "ಬ್ಯಾಕಪ್ ಅದ ಏನ್ರಿ?" ಎಂದು ಕೇಳಿದೆ.

"ಇಲ್ಲದ ಏನ್ರಿ ಅಕ್ಕೋರೆ! ಲಕ್ಷ್ಮೀಪೂಜಾದಾಗ ಅದ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರ ಹೆಂಡತಿ ಸ್ನಾನ ಮಾಡಿ, ಮಡಿ ಉಟ್ಟು, ದೇವರ ಕೋಣೆಯಿಂದ ಒಂದು ಬೆಳ್ಳಿಯ ಬಟ್ಟಲು ತಂದರು. ಅದರಲ್ಲಿ ಪೆನ್‌ಡ್ರೈವ್ ಇತ್ತು. ದೀಪಾವಳಿಗೆ ಖಾತೆ ಪುಸ್ತಕ ಪೂಜೆ ಮಾಡುವ ಪದ್ಧತಿ ನಮ್ಮಲ್ಲಿ ಇದ್ದದ್ದೇ. ಪುಸ್ತಕ ಹೋಗಿ ಕಂಪ್ಯೂಟರ್ ಬಂದ ಮೇಲೆ ಅವರು ಪೆನ್‌ಡ್ರೈವಿಗೆ ಪೂಜೆ ಮಾಡಿ ಇಟ್ಟಿದ್ದರು. ಅದರ ಬಾಯಿಗೆ ಅರಿಶಿನ ಕುಂಕುಮ ಮೆತ್ತಿತ್ತು, ಒಳಗೆ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಹೇರ್‌ಪಿನ್ನಿನಿಂದ ಅಕ್ಕಿಕಾಳು ತೆಗೆಯುವಾಗ ಆ ತಾಯಿ ಕೈ ಮುಗಿದುಕೊಂಡು ನಿಂತಿದ್ದರು. ಪೆನ್‌ಡ್ರೈವ್ ಹಾಳಾದರೆ ಲೆಕ್ಕವೂ ಹೋಯಿತು, ಲಕ್ಷ್ಮಿಯೂ ಹೋದಳು, ಎರಡರ ಪಾಪವೂ ನನಗೇ.

ಪುಣ್ಯಕ್ಕೆ ರಿಪೇರಿಯಾದ ಕಂಪ್ಯೂಟರ್ ಅದನ್ನು ಓದಿಕೊಂಡಿತು. ಹೋದ ದೀಪಾವಳಿಯಿಂದ ಈಚಿನ ರಿಮೈಂಡರುಗಳೆಲ್ಲ ಒಂದರ ಮೇಲೊಂದು ಬಂದು ಬಿದ್ದವು. ಟಿಂಗ್ ಟಿಂಗ್ ಎಂದು ಮನೆ ತುಂಬ ಸಪ್ಪಳ. ಗ್ಯಾಸ್ ಒಂದು, ಕರೆಂಟ್ ಬಿಲ್ ಒಂದು ಎಂದು ಅಳಿಸುತ್ತ ಹೋದೆ. ಆದರೆ ಎಲ್ಲಕ್ಕಿಂತ ಹೆಚ್ಚು ಸಲ ಬಂದ ರಿಮೈಂಡರ್ ಒಂದೇ: "ಇಂದು ರವಿವಾರ. ಬ್ಯಾಕಪ್ ತೆಗೆಯಿರಿ."

ಯಜಮಾನರು ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡುತ್ತಿದ್ದರು. ಆಮೇಲೆ ಅವರಿಗೆ ಸಿಟ್ಟು ಬಂತು. "ನೋಡ್ರಿ ಅಕ್ಕೋರೆ ಇದರ ಶಾಣ್ಯಾತನ! ಎಲ್ಲಾ ಹೋದ ಮ್ಯಾಲ ಈಗ ಬಂದು ಹೇಳ್ಲಿಕತ್ತದ!"

2. ಆರಿದ ಬತ್ತಿ

ಬೀದರಿನ ಹಳೆಯ ಊರಿನಲ್ಲಿ ಬಿದರಿ ಕೆಲಸದ ಅಂಗಡಿ ಇಟ್ಟ ಚಾಚಾ ಒಬ್ಬರಿದ್ದಾರೆ. ಅವರ ಮೂವರು ಹೆಣ್ಣುಮಕ್ಕಳನ್ನೂ ಊರಲ್ಲೇ ಕೊಟ್ಟಿದ್ದಾರೆ. ಈದ್ ಮರುದಿನ ಅಳಿಯಂದಿರನ್ನೆಲ್ಲ ಮನೆಗೆ ದಾವತ್ ಊಟಕ್ಕೆ ಕರೆಯುವುದು ಅವರ ರಿವಾಜು. ಯಾರನ್ನಾದರೂ ಕರೆಯುವುದು ಮರೆತರೆ ವರ್ಷವಿಡೀ ಮುಖ ದಪ್ಪ. ಅದಕ್ಕೆ ಮೂವರಿಗೂ ಒಂದೇ ಗಳಿಗೆಗೆ ಸಂದೇಶ ಹೋಗುವ ಹಾಗೆ ರಿಮೈಂಡರ್ ಇಡಿಸಿಕೊಂಡಿದ್ದರು.

ಹೊಸ ಲ್ಯಾಪ್‌ಟಾಪಿಗೆ ಹಳೆಯ ಬ್ಯಾಕಪ್ ತುಂಬಲು ಹೋಗಿದ್ದೆ. ಈದ್ ಮುಗಿದು ಎಷ್ಟೋ ತಿಂಗಳಾಗಿತ್ತು. ನಾನು ಮರೆಯದೆ ನೆಟ್ಟಿನ ಡಬ್ಬಿ ಬಂದ್ ಮಾಡಿ, ಬ್ಯಾಕಪ್ ತುಂಬಿ, ಚಾಚಿ ಕೊಟ್ಟ ನೀರು ಕುಡಿಯಲು ಒಳಗೆ ಹೋದೆ. ಬಂದು ನೋಡಿದರೆ ಡಬ್ಬಿಯ ಹಸಿರು ದೀಪ ಉರಿಯುತ್ತಿದೆ.

"ಚಾಚಾ, ಇದು ಯಾರು ಹಚ್ಚಿದ್ರಿ?"

"ನಾನೇ ಬೇಟಿ. ಬತ್ತಿ ಆರಿತ್ತು. ನೀನು ಮರೆತೀದಿ ಅಂತ ಹಚ್ಚಿದೆ."

ಅಷ್ಟರಲ್ಲಿ ಅವರ ಫೋನಿಗೆ ಮೂವರು ಅಳಿಯಂದಿರಿಂದಲೂ ಖಂಡಿತ ಬರುತ್ತೇವೆ ಎಂಬ ಉತ್ತರ ಬಂದಿತ್ತು: "ಜರೂರ್ ಆತೇ ಹೈಂ." ಸಂದೇಶದಲ್ಲಿ ನಾಳೆ ಮಧ್ಯಾಹ್ನ ಮನೆಯಲ್ಲಿ ಊಟ, ಎಲ್ಲರೂ ಬನ್ನಿ ಎಂದಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಕಂಪ್ಯೂಟರ್ ತಪ್ಪು ಅಂತ ನಾನೇ ಫೋನ್ ಮಾಡಿ ಹೇಳ್ತೇನ್ರಿ ಚಾಚಾ" ಎಂದೆ.

"ನಕ್ಕೋ ಬೇಟಿ! ಅಳಿಯಂದಿರಿಗೆ ಕರದು, ಬರಬ್ಯಾಡ ಅಂತ ಹೇಳೋದಾ? ಅದಕ್ಕಿಂತ ಈ ಲ್ಯಾಪ್‌ಟಾಪ್ ಭಾವಿಗಿ ಒಗೀತೇನಿ" ಎಂದು ಚಾಚಾ ಚೀಲ ಹಿಡಿದು ಮಾಂಸದ ಅಂಗಡಿಗೆ ನಡೆದೇಬಿಟ್ಟರು. ಚಾಚಿ ಒಳಗಿನಿಂದ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಮರುದಿನ ನಾನೂ ಹೋಗಿ ಈರುಳ್ಳಿ ಹೆಚ್ಚಿಕೊಟ್ಟೆ.

ಊಟ ಭರ್ಜರಿಯಾಯಿತು. ಹೊರಡುವಾಗ ದೊಡ್ಡ ಅಳಿಯ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, ಯಾರಿಗೂ ಕೇಳದಂತೆ ವಿಚಾರಿಸಿದ: "ಅಕ್ಕಾ, ಈ ಬ್ಯಾಕಪ್ ತುಂಬೋದು ತಿಂಗಳಿಗೊಮ್ಮೆ ಮಾಡಿದ್ರ ಕಂಪ್ಯೂಟರಿಗಿ ಛಲೋ ಅಲ್ಲೇನ್ರಿ?"

3. ಮುಂದೂಡಿದ ಸೀರೆ

ಭಾಲ್ಕಿಯಲ್ಲಿ ಗಂಡ ಕಾಲೇಜಿನಲ್ಲಿ ಗುಮಾಸ್ತ, ಹೆಂಡತಿ ನರ್ಸ್. ಗಂಡ ಬಲು ಶಿಸ್ತಿನ ಮನುಷ್ಯ. ಯಾವ ರಿಮೈಂಡರ್ ಮುಂದೂಡಿದರೂ ಅದರ ಕೆಳಗೆ ಕಾರಣ ಬರೆಯುವವನು. ಆಫೀಸಿನ ರೂಢಿ.

ಹೊಸ ಕಂಪ್ಯೂಟರಿಗೆ ತಾನು ಅಳಿಸದೇ ಬಿಟ್ಟಿದ್ದ ಹಳೆಯ ಬ್ಯಾಕಪ್ಪನ್ನೇ ಕೊಟ್ಟಿದ್ದ. ತುಂಬಿದ ಕೂಡಲೇ ಮೊದಲು ಎದ್ದು ಬಂದದ್ದು: "ಮನೆಯವಳಿಗೆ ರೇಷ್ಮೆ ಸೀರೆ." ಹೆಂಡತಿ ಡ್ಯೂಟಿಯಿಂದ ಆಗಷ್ಟೇ ಬಂದು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ಅರಳಿತು. ಕೆಳಗೆ ಕಾರಣಗಳ ಸಾಲು ಇತ್ತು. ನಾನು ಬೇಗ ಮುಚ್ಚಬೇಕೆಂದರೆ ಮೌಸ್ ಕೈಗೇ ಸಿಗಲಿಲ್ಲ. ಅವಳು ಜೋರಾಗಿ ಓದಿದಳು.

"ಮುಂದೂಡಿದೆ. ಕಾರಣ: ಆಕೆ ಕೇಳಿಲ್ಲ. ಮುಂದೂಡಿದೆ. ಕಾರಣ: ಆಕೆಗೆ ನೆನಪಿದ್ದಂತಿಲ್ಲ. ಮುಂದೂಡಿದೆ. ಕಾರಣ: ತವರಿನಿಂದ ಒಂದು ಬಂದಿದೆ, ನಡೆಯುತ್ತದೆ."

ನನಗಂತೂ ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಎಂಬುದೇ ಚಿಂತೆ. ಗಂಡ ನಿಧಾನಕ್ಕೆ ನನ್ನ ಕಿವಿಯ ಹತ್ತಿರ ಬಂದು ಕೇಳಿದ:

"ಅಕ್ಕೋರೆ, ಸರಿ ಮಾಡ್ಲಿಕ್ಕ ಐನೂರು ಅಂದ್ರಿ. ಮೊದಲಿನಂಗ ಕೆಡಸಲಿಕ್ಕ ಎಷ್ಟು ತಗೋತೀರಿ?"

4. ಎಂಟನೆಯ ದಿನದ ಸಂದೇಶ

ಔರಾದ ತಾಲೂಕಿನ ಚಿಂತಾಕಿಯಲ್ಲಿ ಒಬ್ಬ ಸಾಲಿ ಮಾಸ್ತರು. ಅವರ ಒಬ್ಬಳೇ ಮಗಳ ನಿಶ್ಚಯದ ದಿನ ಬೆಳಿಗ್ಗೆ ನನಗೆ ಫೋನ್ ಬಂತು. "ಅಕ್ಕೋರೆ, ಕಂಪ್ಯೂಟರ್ ಕುಂತದ. ಯಾರು ಯಾರು ನಮಗ ಏನು ಆಹೇರು, ಉಡುಗೊರಿ ಮಾಡ್ಯಾರ ಅನ್ನೋದು ಎಲ್ಲಾ ಅದರಾಗೇ ಅದ. ಸೀರಿ ಮಾಡಿದವರಿಗಿ ಕುಪ್ಪಸದ ಖಣ ಕೊಟ್ಟು ಕಳಿಸಿದ್ರ ನನ್ನ ಮರ್ಯಾದಿ ಉಳೀತದ ಏನ್ರಿ? ಮೊದಲ ಬಸ್ಸಿಗೇ ಬರ್ರಿ."

ಹೋದೆ. ಅಂಗಳದಲ್ಲಿ ಪೆಂಡಾಲು, ಒಳಗೆ ಅಡುಗೆಯ ಗದ್ದಲ. ನನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದರು. ನೆಟ್ಟಿನ ಡಬ್ಬಿ ಇದ್ದದ್ದು ಪಡಸಾಲೆಯ ಕಪಾಟಿನ ಮೇಲೆ. ನಾನೇ ಹೋಗಿ ಬಂದ್ ಮಾಡಿ, "ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಮನೆಯವರಿಗೆಲ್ಲ ಹೇಳಿ ಬಂದೆ.

ಬ್ಯಾಕಪ್ ತುಂಬಿತು. ರಿಮೈಂಡರುಗಳ ಪಟ್ಟಿ ಬಂತು. "ಉದಗೀರದವರಿಗೆ: ಜಾತಕ ಕೂಡಿ ಬರಲಿಲ್ಲ. ಮನಸ್ಸಿಗೆ ತಂದುಕೊಳ್ಳಬೇಡಿ." ಅದರ ಕೆಳಗೆ: "ಸಾಯಗಾಂವದವರಿಗೆ: ಜಾತಕ ಕೂಡಿ ಬರಲಿಲ್ಲ. ಮನಸ್ಸಿಗೆ ತಂದುಕೊಳ್ಳಬೇಡಿ."

ಈ ಹೊತ್ತು ನಿಶ್ಚಯಕ್ಕೆ ಬರುವವರು ಭಾಲ್ಕಿ ಕಡೆಯ ಸಾಯಗಾಂವದವರೇ.

ಮಾಸ್ತರನ್ನು ಒಳಗೆ ಕರೆದು ತೋರಿಸಿದೆ. ಅವರು ನಾಚಿಕೊಂಡು ಹೇಳಿದರು. ನಮ್ಮ ಕಡೆ ಹುಡುಗಿ ನೋಡಲು ಬಂದವರಿಗೆ ಮುಖದ ಮೇಲೆ ಬೇಡ ಎನ್ನುವುದಿಲ್ಲ. ಎಂಟು ದಿನ ಬಿಟ್ಟು ತಿಳಿಸ್ತೇವ್ರಿ ಎನ್ನುತ್ತಾರೆ. ಮಾಸ್ತರಿಗೆ ಎಂಟು ದಿನದ ಮೇಲೂ ಬಾಯಿ ಬರುವುದಿಲ್ಲ. ಅದಕ್ಕೆ ಯಾರೇ ಬಂದು ಹೋಗಲಿ, ಆ ಸಂಜೆಯೇ ಎಂಟನೆಯ ದಿನಕ್ಕೆ ಈ ಸಂದೇಶ ಬರೆದಿಟ್ಟು, ಒಂದು ಬ್ಯಾಕಪ್ಪನ್ನೂ ತೆಗೆದುಬಿಡುವರು. ಒಪ್ಪಿಗೆಯಾದರೆ ಅಳಿಸುವುದು, ಇಲ್ಲವಾದರೆ ತಾನೇ ಹೋಗುವುದು.

"ಸಾಯಗಾಂವದವರದು ಅಳಿಸಿತ್ತಲ್ರಿ!" ಎಂದರು.

"ಈ ಬ್ಯಾಕಪ್ ಅಳಿಸೂಕ್ಕಿಂತ ಮೊದಲಿಂದು ರೀ. ಅಳಿಸಿದ್ದೂ ವಾಪಸ್ ಬಂದದ."

"ಲಗೂನ ತೆಗೀರಿ ಅಕ್ಕೋರೆ, ನಿಮ್ಮ ಕಾಲಿಗಿ ಬೀಳ್ತೇನಿ" ಎನ್ನುವಷ್ಟರಲ್ಲಿ ಹೊರಗೆ ಜೀಪಿನ ಸಪ್ಪಳ. ಬೀಗರು ಬಂದರೆಂದು ಮಾಸ್ತರು ಓಡಿದರು. ನಾನು ಅಳಿಸಲು ಒತ್ತಿದೆ. ಹಳೆಯ ಯಂತ್ರ, ಚಕ್ರ ತಿರುಗುತ್ತ ಕುಳಿತುಬಿಟ್ಟಿತು. ನಾನು ಮನೆದೇವರನ್ನೆಲ್ಲ ನೆನೆಸಿದೆ.

ಪಡಸಾಲೆಯಲ್ಲಿ ಹುಡುಗನ ತಾಯಿಯ ದನಿ ಕೇಳಿಸಿತು. "ನಮ್ಮ ನಾದಿನಿಗಿ ಬರ್ಲಿಕ್ಕ ಆಗಿಲ್ರಿ. ಕಾರ್ಯಾ ಎಲ್ಲಾ ಫೋನಿನಾಗೇ ತೋರಸರಿ ಅಂದಾಳ. ನಿಮ್ಮಲ್ಲಿ ನೆಟ್ ಅದ ಏನ್ರಿ?"

ಬೀಗಿತಿ ಬಂದು ಕುಳಿತ ಮೇಲೆ ಬಾಯಿ ತೆರೆದು ಕೇಳಿದ ಮೊದಲ ಮಾತು. ಮಾಸ್ತರಿಗೆ ಬೇಡ ಎನ್ನಲು ಬರುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. "ಅದ್ಯಾಕಿಲ್ರಿ!" ಎಂದು ಡಬ್ಬಿಯ ಗುಂಡಿ ಒತ್ತಿಯೇಬಿಟ್ಟರು.

ನಾನು ಪಡಸಾಲೆಗೆ ಓಡುವಷ್ಟರಲ್ಲಿ ಹುಡುಗನ ತಂದೆಯ ಜೇಬಿನಲ್ಲಿ ಟಿಂಗ್ ಎಂದಿತು. ಅವರ ಒಂದು ಕೈಯಲ್ಲಿ ಅವಲಕ್ಕಿ ಚೂಡಾದ ಪ್ಲೇಟು ಇತ್ತು. ಇನ್ನೊಂದು ಕೈಯಿಂದ ಫೋನ್ ತೆಗೆದು ಹೆಂಡತಿಗೆ ಕೊಟ್ಟರು. ಆಕೆ ಎಲ್ಲರಿಗೂ ಕೇಳುವಂತೆ ಓದಿದರು. "ಜಾತಕ ಕೂಡಿ ಬರಲಿಲ್ಲ. ಮನಸ್ಸಿಗೆ ತಂದುಕೊಳ್ಳಬೇಡಿ."

ಚೂಡಾದ ಪ್ಲೇಟು ಕೆಳಗೆ ಬಂತು.

"ಜಾತಕ ಕೂಡಲಿಲ್ಲಾ?" ಹುಡುಗನ ತಂದೆ ಕೇಳಿದರು. "ನಮ್ಮ ಮನ್ಯಾಗ ಜಾತಕ ಬರಸೋ ಪದ್ಧತೀನೇ ಇಲ್ಲಲ್ರಿ ಮಾಸ್ತರ. ಯಾರದು ನೋಡಿದ್ರಿ?"

ಮಾಸ್ತರು ಬಾಯಿ ತೆರೆಯುವ ಮೊದಲೇ ಅವರ ಫೋನ್ ಬಡಿದುಕೊಂಡಿತು. ಗಾಬರಿಯಲ್ಲಿ ಎಲ್ಲಿಯೋ ಒತ್ತಿದರು, ಸ್ಪೀಕರ್ ಹತ್ತಿತು. ಉದಗೀರದವರ ದನಿ ಪಡಸಾಲೆ ತುಂಬಿತು. "ಏನ್ರಿ ಮಾಸ್ತರ, ಒಮ್ಮೆ ಬ್ಯಾಡ ಅಂದ್ರಿ, ತಿಳೀತು. ಹುಡುಗಂದು ಬ್ಯಾರೆ ಕಡಿ ಲಗ್ನ ಆತು. ಆ ಲಗ್ನಕ್ಕ ನೀವೂ ಬಂದು ಊಟಾ ಮಾಡಿ ಹೋದ್ರಿ. ಇವತ್ತ ಮತ್ತ ಯಾಕ ಬ್ಯಾಡ ಅಂತೀರಿ?"

ಹುಡುಗನ ತಾಯಿ ಎದ್ದು ನಿಂತರು. "ಅಂದ್ರ ಇದು ಎಲ್ಲರಿಗೂ ಕಳಸೋ ಸುದ್ದಿ. ನಡೀರಿ, ಇಲ್ಲಿ ನಮ್ಮದೇನು ಕೆಲಸ?" ಎಂದು ಚಪ್ಪಲಿ ಹುಡುಕತೊಡಗಿದರು. ನಾನು ಬ್ಯಾಕಪ್ಪು, ಚಕ್ರ, ನೆಟ್ಟು ಎಂದು ತೊದಲಿದೆ. ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು. ಒಂದು ಹುಡುಗಿಯ ಸಂಬಂಧ ನನ್ನ ಕಣ್ಣೆದುರೇ ಮುರಿಯುತ್ತಿತ್ತು, ನನಗೆ ಅಳುವೇ ಬಂತು.

ಆಗ ಒಳಗಿನಿಂದ ಹುಡುಗಿಯೇ ಬಂದಳು. ತಲೆ ತಗ್ಗಿಸಿ ಕೂರಬೇಕಾದ ಹುಡುಗಿ ತಲೆ ಎತ್ತಿಯೇ ಹೇಳಿದಳು. "ಕೂಡ್ರಿ ಅತ್ತಿ. ಅಪ್ಪ ಎಲ್ಲರಿಗೂ ಬರೆದಿಡೋದು ಖರೇ ಅದ ರೀ. ನಿಮ್ಮದೊಂದು ಮಾತ್ರ ನಾನು ಅಳಿಸೀನಿ."

ಮಾಸ್ತರು ಬೆಚ್ಚಿದರು. "ನೀ ಅಳಿಸಿದ್ಯಾ? ಎಂಟು ದಿನ ವಿಚಾರ ಮಾಡಿ ಹೂಂ ಅನ್ನೂಣಂತ ಹೋದ್ರ ಅಲ್ಲಿ ಇರಲೇ ಇಲ್ಲ. ಮರೆತು ನಾನೇ ತೆಗದೀನಿ ಅನಕೊಂಡಿದ್ದೆ. ನೀ ಯಾವಾಗ ಅಳಿಸಿದಿ?"

ಹುಡುಗಿ ಒಮ್ಮೆ ಹುಡುಗನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು.

"ಅವರು ಕುಡದು ಹೋದ ಚಹಾದ ಕಪ್ಪು ತೊಳಿಯೂಕ್ಕಿಂತ ಮೊದಲ ರೀ ಅಪ್ಪಾ."

ಹುಡುಗ ಕುರ್ಚಿಯ ಮೇಲೆ ಕುಳಿತಲ್ಲೇ ಕೆಂಪಾದ. ಹುಡುಗನ ತಾಯಿ ಸಿಕ್ಕಿದ ಒಂದು ಚಪ್ಪಲಿಯನ್ನು ಕಾಲಿನಿಂದ ಬಿಟ್ಟರು, ಬಂದು ಮೊದಲಿದ್ದಲ್ಲೇ ಕುಳಿತರು, ಸೆರಗು ಸರಿಮಾಡಿಕೊಂಡರು.

"ಮಾಸ್ತರ, ಇನ್ನ ನಿಮ್ಮನ್ನ ಕೇಳೂದು ಏನೂ ಉಳೀಲಿಲ್ಲ" ಎಂದರು. "ಸೊಸಿ, ನೀ ಬಾ, ನನ್ನ ಬಾಜೂ ಕೂಡು. ಚಹಾ ನಿಮ್ಮಪ್ಪ ತರ್ತಾನ."