ತೆಂಗಿನ ಮರ ಒಂದಿಷ್ಟು ಎಡಕ್ಕೆ

ಬಯಲಲ್ಲಿ ಕೂತು ಬಣ್ಣದ ಪೆಟ್ಟಿಗೆ ತೆರೆದರೆ ಸಾಕು, ನನಗೆ ಏನಾದರೊಂದು ಆಗಿಯೇ ಆಗುತ್ತದೆ. ಬಣ್ಣ ಅಂದರೆ ಜಲವರ್ಣ, ನೀರಲ್ಲಿ ಕಲಸುವಂಥದ್ದು. ನಾನು ಕಡೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಕಥೆ ಬರೆಯುವುದು ಇದೇ ಮೊದಲು, ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದೇನೆ. ಅಜ್ಜಂಪುರದಲ್ಲಿ ಚಿತ್ರಪ್ರದರ್ಶನವಿತ್ತು. ಹಿರಿಯ ಕಲಾವಿದರೊಬ್ಬರು ಬಂದು, ತಮಗೆ ಹಿಡಿಸಿದ ಒಂದೇ ಒಂದು ಚಿತ್ರವನ್ನು ಮೈಸೂರಿನ ದೊಡ್ಡ ಪ್ರದರ್ಶನಕ್ಕೆ ಒಯ್ಯುವವರಿದ್ದರು. ಆ ಒಂದು ನನ್ನದಾಗಬೇಕೆಂದು ನನಗೆ ಆಸೆ.

ಎಮ್ಮೆದೊಡ್ಡಿ

ಮೊದಲು ಅಲ್ಲಿನ ಕಾವಲಿಗೆ, ಅಂದರೆ ದನ ಮೇಯುವ ಹುಲ್ಲುಗಾವಲಿಗೆ, ಹೋದೆ. ದನಗಳ ಬೆನ್ನ ಮೇಲೆ ಎಳೆಬಿಸಿಲು ಬೀಳುವುದನ್ನು ಹಿಡಿಯಬೇಕಿತ್ತು. ದನ ಕಾಯುವವರೊಬ್ಬರು ಬಂದು ಬಿಸಿಲಿಗೆ ಅಡ್ಡ ನಿಂತರು.

"ಕಾವಲು ಅಳೀತಿದ್ದೀರೇನ್ರೀ?"

"ಇಲ್ಲ, ಚಿತ್ರ ಬರೀತಿದ್ದೀನಿ."

"ಅಳೆಯೋರೆಲ್ಲ ಮೊದ್ಲು ಹಂಗೇ ಅನ್ನೋದು. ನೀವು ಎದ್ದೋಗೋಗಂಟ ನಾನು ಕದಲಾಕಿಲ್ಲ."

ಅವರು ದನಗಳ ಕಡೆ ತಿರುಗಿ ನಿಂತೇಬಿಟ್ಟರು. ಬೇರೆ ದಾರಿಯಿಲ್ಲದೆ ಅವರ ಬೆನ್ನನ್ನೇ ಬರೆದೆ. ನಾನು ಹೊರಡುವಾಗ ಬಗ್ಗಿ ನೋಡಿದರು.

"ಮುಖಾನೇ ಹಾಕಿಲ್ವಲ್ಲ! ಮೊದ್ಲೇ ಹೇಳಿದ್ರೆ ತಿರುಗಿ ನಿಲ್ತಿರ್ಲಿಲ್ವಾ?"

ಸಿಂಗಟಗೆರೆ

ಮುಂದಿನ ಭಾನುವಾರ ಸಿಂಗಟಗೆರೆಗೆ ಹೋದೆ. ಕೆರೆಯ ನೀರಿನ ಮೇಲೆ ಬೆಳಕು ಹೊಳೆಯುತ್ತಿತ್ತು. ಜಲವರ್ಣದಲ್ಲಿ ಬಿಳಿ ಬಣ್ಣ ಬಳಿಯುವುದಿಲ್ಲ; ಕಾಗದವನ್ನು ಹಾಗೇ ಬಿಟ್ಟರೆ ಅದೇ ಬೆಳಕು. ಕೆರೆಯ ಮುಂದೆ ಅಣ್ಣತಮ್ಮಂದಿರ ಎರಡು ಹೊಲ, ನಡುವಿನ ಬದುವಿನ ಮೇಲೆ ಒಂದು ತೆಂಗಿನ ಮರ. ಮರ ನಟ್ಟನಡುವೆ ನಿಂತರೆ ಚಿತ್ರ ಎರಡು ಹೋಳಾಗುತ್ತದೆ. ಅದಕ್ಕೆ ಒಂದಿಷ್ಟು ಎಡಕ್ಕೆ ಸರಿಸಿ ಬರೆದೆ.

ಎಡಗಡೆ ತಮ್ಮನ ಹೊಲ, ಬಲಗಡೆ ಅಣ್ಣನದು. ಒಂದೇ ನಡುಗೋಡೆಯ ಮನೆಗಳಲ್ಲಿದ್ದೂ ಈ ಮರಕ್ಕಾಗಿ ಇಬ್ಬರೂ ವರ್ಷಗಳಿಂದ ಮಾತು ಬಿಟ್ಟಿದ್ದಾರೆಂದು ನನಗೇನು ಗೊತ್ತು?

ಚಿತ್ರ ಅಜ್ಜಂಪುರದ ಪ್ರದರ್ಶನಕ್ಕೆ ಎಂದು ಕೇಳಿ ಅಣ್ಣ ಬಗ್ಗಿ ನೋಡಿದರು, ಕೂಗಾಡಿದರು. "ಏನ್ ಮೇಷ್ಟ್ರೇ, ನನ್ನ ಮರಾನ ಅವನ ಹೊಲಕ್ಕೆ ಹಾಕ್ಬಿಟ್ರಲ್ಲ! ಇದನ್ನ ಅಜ್ಜಂಪುರದಾಗೆ ತೂಗಾಕಿ ನೋಡಿ, ಬಂದು ಕಿತ್ತಾಕ್ತೀನಿ!"

ಜಲವರ್ಣವನ್ನು ಅಳಿಸಿ ಬರೆಯಲಾಗುವುದಿಲ್ಲ ಎಂದು ವಿವರಿಸಿದೆ. ಅವರು ಕೇಳಲಿಲ್ಲ, ಹೊರಟೇ ಹೋದರು.

ತಮ್ಮ ಮೆಲ್ಲಗೆ ಪಕ್ಕಕ್ಕೆ ಬಂದರು. "ಸರಿಯಾಗೇ ಬರೆದಿದ್ದೀರ ಸಾರ್. ಹಂಗೇ ಅವನ ಬೋರ್‌ವೆಲ್ಲೂ ಒಂದಿಷ್ಟು ಈ ಕಡೆ ಎಳ್ಕೊಡಿ."

ತರೀಕೆರೆ

ಹೆದರಿಕೆಯಲ್ಲೇ ಚಿತ್ರವನ್ನು ತರೀಕೆರೆಯ ಒಂದು ಫ್ರೇಮ್ ಅಂಗಡಿಗೆ ಕೊಟ್ಟೆ. ಅಲ್ಲಿ ಕಟ್ಟುವುದೆಲ್ಲ ದೇವರ ಪಟ. ದೇವರ ಪಟ ಉದ್ದಕ್ಕೆ, ನನ್ನ ಚಿತ್ರ ಅಡ್ಡಕ್ಕೆ. ಪ್ರದರ್ಶನದ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಮರವೇ ಇಲ್ಲ!

"ರೆಡಿ ಇದ್ದ ಫ್ರೇಮಿಗೆ ಕೂರ್ಲಿಲ್ಲ ಸಾರ್," ಎಂದು ಅಂಗಡಿಯವರು ಎಡಗಡೆಯಿಂದ ಕತ್ತರಿಸಿದ, ಮರವಿದ್ದ ಪಟ್ಟಿಯನ್ನು ಸುರುಳಿ ಸುತ್ತಿ ಕೊಟ್ಟರು. ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದರು: "ಬೇಜಾರಾಗ್ಬೇಡಿ. ಮರಕ್ಕೂ ಒಂದು ಸಣ್ಣ ಫ್ರೇಮ್ ಹಾಕ್ಕೊಡ್ತೀನಿ."

ಅಜ್ಜಂಪುರ

ಉಳಿದದ್ದನ್ನೇ ತೂಗುಹಾಕಿದೆ. ಹಿರಿಯ ಕಲಾವಿದರು ಅದರ ಮುಂದೆ ನಿಂತೇಬಿಟ್ಟರು. "ಬೇರೆ ಯಾರಾದ್ರೂ ಆಗಿದ್ರೆ ಈ ಮೂಲೇಲಿ ಒಂದು ಮರ ಇಡ್ತಿದ್ರು. ನೀವು ಬೆಳಕಿಗೇ ಜಾಗ ಬಿಟ್ಟಿದ್ದೀರಿ. ಇದಕ್ಕೆ ಧೈರ್ಯ ಬೇಕು!"

ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣತಮ್ಮಂದಿರು. ಬಂದದ್ದು ಒಂದೇ ಬಸ್ಸಿನಲ್ಲಂತೆ. ಒಬ್ಬರು ಮುಂದಿನ ಸೀಟು, ಒಬ್ಬರು ಹಿಂದಿನ ಸೀಟು. ಕೀಳಲು ಕೈ ಎತ್ತಿದ ಅಣ್ಣ ಹಾಗೇ ನಿಂತರು.

"ಲೇ, ನಮ್ಮ ಮರಾನೇ ಇಲ್ವಲ್ಲೋ!"

"ಹೌದಲ್ಲಣ್ಣೋ! ನಮ್ಮ ಮರ ಕಡಿದ್ಬಿಟ್ಟವ್ರೆ!"

ಕಲಾವಿದರು ನನ್ನ ಕಡೆ ತಿರುಗಿದರು. "ಯಾವ ಮರ?"

ನಾನು ಚೀಲದಿಂದ ಪಟ್ಟಿ ತೆಗೆದು, ಚಿತ್ರದ ಪಕ್ಕದಲ್ಲಿ ಹಿಡಿದು, ಫ್ರೇಮಿನ ಕಥೆಯನ್ನೆಲ್ಲ ಒಪ್ಪಿಸಿದೆ. ಮೈಸೂರು ಕೈತಪ್ಪಿತು ಅಂದುಕೊಂಡೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮರ ಅವರಿಗೆ ಕೊಡಿ. ಬೆಳಕು ಮೈಸೂರಿಗೆ ಬರಲಿ. ಆ ಫ್ರೇಮಿನವರಿಗೆ ನನ್ನ ನಮಸ್ಕಾರ ಹೇಳಿ."

ಅಣ್ಣತಮ್ಮಂದಿರು ಪಟ್ಟಿಯ ಎರಡೂ ತುದಿ ಹಿಡಿದು ಖುಷಿಯಾಗಿ ಹೊರಟರು. ಬಾಗಿಲ ಹತ್ತಿರ ನಿಂತರು. ಯಾರ ಮನೆಯಲ್ಲಿ ಹಾಕುವುದು?

"ನಿಮ್ಮಿಬ್ಬರ ಮನೆಗೂ ನಡುಗೋಡೆ ಒಂದೇ ಅಲ್ವಾ? ಅದಕ್ಕೇ ಹಾಕಿ," ಅಂದೆ.

ಇಬ್ಬರೂ ಒಟ್ಟಿಗೇ ಕೇಳಿದರು: "ಯಾವ ಕಡೆಗೆ?"