ಹಿಂದಿನ ಸೀಟಿನ ಗಿರಾಕಿ

ನನ್ನ ತಮ್ಮನ ತಲೆಯಲ್ಲಿ ಒಂದು ಸ್ಕ್ರೂ ಲೂಸ್ ಎಂದು ನಾನು ಹೇಳುವುದಿಲ್ಲ. ಒಡಹುಟ್ಟಿದವಳು ಹಾಗೆಲ್ಲ ಹೇಳಬಾರದು. ಆ ಕೆಲಸಕ್ಕೆ ರಾಣೆಬೆನ್ನೂರಿನ ಬೈಕ್ ಶೋರೂಮಿನವರಿದ್ದಾರೆ!

ವಿಷಯ ಇಷ್ಟು. ಗುತ್ತಲದ ಒಂದು ಶಾಲೆಯಲ್ಲಿ ನಾನು ಹುಡುಗಿಯರಿಗೆ ಸ್ಪೋಕನ್ ಇಂಗ್ಲಿಷ್ ಕಲಿಸುತ್ತೇನೆ. ಈ ವಯಸ್ಸಿನಲ್ಲಿ ನನಗೆ ಉಳಿದಿರುವ ಲಕ್ಷುರಿ ಅದೊಂದೇ. ಅವರೆಲ್ಲ ಎದ್ದು "ಗುಡ್ ಮಾರ್ನಿಂಗ್, ಮಿಸ್" ಎಂದು ರಾಗ ಎಳೆದಾಗ ನನ್ನ ಕಾನ್ವೆಂಟಿನ ಕಾರಿಡಾರ್, ಅದರ ಫಿನಾಯಿಲ್ ವಾಸನೆಯ ಸಮೇತ, ಎದುರಿಗೆ ಬಂದು ನಿಲ್ಲುತ್ತದೆ. ಆದರೆ ಈ ಬೇಸಿಗೆಯಲ್ಲಿ ನನ್ನ ಮೊಣಕಾಲು ಬಸ್ಸಿನ ಮೆಟ್ಟಿಲಿಗೆ ರಾಜೀನಾಮೆ ಕೊಟ್ಟಿತು. ಹೆಡ್‌ಮಾಸ್ಟರು ಫೋನ್ ಮಾಡಿ, ಸೋಮವಾರ ಶಾಲೆ ಶುರು, ನಿಮಗೆ ಬರಲಾಗದಿದ್ದರೆ ಬೇರೆಯವರು ಸಿದ್ಧರಿದ್ದಾರೆ ಎಂದು ಬಹಳ ಪೊಲೈಟಾಗಿ ತಿಳಿಸಿದರು. ಪೊಲೈಟಾಗಿ ಹೇಳಿದ್ದು ಹೆಚ್ಚು ನೋಯುತ್ತದೆ, ಅಲ್ಲವೇ?

ಹಾವೇರಿಯಲ್ಲಿ ನನ್ನ ಪಕ್ಕದ ಮನೆಯಲ್ಲೇ ಇರುವ ತಮ್ಮ, "ಬೈಕ್ ತಗೊಳ್ಳೂಣು. ನಾ ಬಿಟ್ಟು ಬರ್ತೇನಿ" ಎಂದ. ನನಗಿಂತ ಒಂದೇ ವರ್ಷ ಚಿಕ್ಕವನು, ಅಂದರೆ ಮುದುಕನೇ. ಇಬ್ಬರ ಉಳಿತಾಯ ಕೂಡಿಸಿದೆವು. ಹೊಸ ಬೈಕಿಗೆ ಸ್ವಲ್ಪ ಕಡಿಮೆ, ಹಳೆಯದಕ್ಕೆ ಸ್ವಲ್ಪ ಜಾಸ್ತಿ ಎನ್ನುವಂಥ ಎಂಬರಾಸಿಂಗ್ ಮೊತ್ತ!

ಶುಕ್ರವಾರ ಬ್ಯಾಡಗಿಗೆ ಹೋದೆವು. ತಮ್ಮ ಜೀವನಪೂರ್ತಿ ಅಲ್ಲಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ್ಜೆ ನೋಡಿದವನು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸದ್ದಿನಿಂದ ಎಷ್ಟು ಒಣಗಿದೆ ಎಂದು ಹೇಳುವವನು. ಪರಿಚಯದ ವ್ಯಾಪಾರಿಯೊಬ್ಬರು ತಮ್ಮದೊಂದು ಬೈಕ್ ಮಾರುತ್ತಿದ್ದರು. ಕೆಂಪು ಬಣ್ಣ, ಹೊಸದರಂತಿತ್ತು, ಬೆಲೆಯೂ ನಮಗೆ ಎಟುಕುವಂತಿತ್ತು. ಇವನು ಟ್ಯಾಂಕಿಗೆ ಕಿವಿ ಹಚ್ಚಿ ಗಾಡಿಯನ್ನೇ ಅಲ್ಲಾಡಿಸಿದ. ಸೈಲೆನ್ಸರಿಗೆ ಹೆಬ್ಬೆರಳು ಒರೆಸಿ ಮೂಸಿದ. ಅಭ್ಯಾಸಬಲ, ಸೀನು ಕೂಡ ಬಂತು. ಅಲ್ಲಿಯವರೆಗೆ ಯಾರೂ ನಗಲಿಲ್ಲ, ಬ್ಯಾಡಗಿಯಲ್ಲಿ ಇದೆಲ್ಲ ನಾರ್ಮಲ್.

ಆಮೇಲೆ ಕೀಲಿ ಕೊಡಲು ಬಂದವರಿಗೆ, "ನೀವು ಹೊಡೀರಿ, ನಾ ಹಿಂದ ಕುಂದರ್ತೇನಿ" ಎಂದ. ಕುಳಿತದ್ದು ಹೇಗೆ? ಹೆಂಗಸರ ಹಾಗೆ, ಎರಡೂ ಕಾಲು ಒಂದೇ ಕಡೆಗೆ! ಧೋತರ ಸಾವರಿಸಿಕೊಂಡು, ಬಿಳಿ ಮೀಸೆಯ ನವವಧುವಿನಂತೆ ಮಾರುಕಟ್ಟೆಯ ಸುತ್ತ ಒಂದು ರೌಂಡ್ ಹೋಗಿಬಂದ. ಇಳಿದವನೇ ಹಿಂದಿನ ಸೀಟು ಬಹಳ ಎತ್ತರವಾಯಿತೆಂದು ಹೇಳಿ ಕೈಮುಗಿದ.

ಆ ಗಾಡಿಯನ್ನು ಸಂಜೆಯೊಳಗೆ ಬೇರೆ ಯಾರೋ ಒಯ್ದರು. ನನಗೆ ಊಟ ಸೇರಲಿಲ್ಲ.

ಶನಿವಾರ ರಾಣೆಬೆನ್ನೂರಿನ ಶೋರೂಮು. ನಮ್ಮ ಪುಣ್ಯ, ಏನೋ ಆಫರ್ ಇತ್ತು. ಸೇಲ್ಸ್‌ಮನ್ ಅದನ್ನು ಕಳೆದು ಇದನ್ನು ಬಿಟ್ಟು, ಹೊಸ ಬೈಕನ್ನು ನಮ್ಮ ಮೊತ್ತಕ್ಕೆ ತಂದು ನಿಲ್ಲಿಸಿದ. ನಾನು "ವಂಡರ್‌ಫುಲ್" ಎಂದುಬಿಟ್ಟೆ. ಇವನು ಮತ್ತೆ ಹಿಂದೆ ಅಡ್ಡಡ್ಡ ಹತ್ತಿ ಕುಳಿತ.

"ಯಜಮಾನ್ರ, ಹ್ಯಾಂಡಲ್ ಮುಂದ ಐತ್ರೀ," ಎಂದ ಸೇಲ್ಸ್‌ಮನ್.

"ಅದು ಗೊತ್ತೈತಿ. ಈ ಚಕ್ರದ ಜಾಳಗಿ ಭಾಳ ಸಣ್ಣದಾತು. ಇದಕ್ಕ ದೊಡ್ಡದೊಂದು ಬೆಸುಗಿ ಹಾಕಸ್ಬಹುದೇನು?"

ಸೆರಗು ಚಕ್ರಕ್ಕೆ ಸಿಗದಂತೆ ಹಾಕಿರುವ ಕಂಬಿಯ ಗಾರ್ಡ್ ಅವನು ಕೇಳುತ್ತಿದ್ದದ್ದು. ವೆಲ್ಡಿಂಗ್ ಮುಟ್ಟಿಸಿದರೆ ವಾರಂಟಿ ಹೋಗುತ್ತದೆ ಎಂದು ಸೇಲ್ಸ್‌ಮನ್ ಹೇಳಿದ.

"ಹಂಗಾರ ಹೊಸದು ಬ್ಯಾಡ. ನಮ್ಮ ಮಾತು ಕೇಳೂವಂಥಾದ್ದು ಬೇಕು," ಎಂದು ತಮ್ಮ ಇಳಿದೇಬಿಟ್ಟ.

ಹೊರಗೆ ಬರುವಾಗ ನನ್ನ ಬೆನ್ನ ಹಿಂದೆ ಯಾರೋ ತಲೆಯ ಹತ್ತಿರ ಬೆರಳು ತಿರುಗಿಸಿದ್ದು ಗಾಜಿನಲ್ಲಿ ಕಂಡಿತು. ನಾನು ಆಕ್ಷೇಪಿಸಲಿಲ್ಲ.

ಭಾನುವಾರ ಅವನೊಬ್ಬನೇ ಹಳೆಯ ಗಾಡಿ ನೋಡಲು ಕುಪ್ಪೇಲೂರಿಗೆ ಹೋದ. ಮಧ್ಯಾಹ್ನ ಕಳೆಯಿತು, ಬರಲಿಲ್ಲ. ಫೋನ್ ಎತ್ತಲಿಲ್ಲ. ಹೆಡ್‌ಮಾಸ್ಟರಿಗೆ ಹೇಳಬೇಕಾದ ವಾಕ್ಯವನ್ನು, "ಐ ರಿಗ್ರೆಟ್ ಟು ಇನ್‌ಫಾರ್ಮ್ ಯೂ" ಎಂದು, ನಾನು ಕನ್ನಡಿಯ ಎದುರು ಪ್ರಾಕ್ಟೀಸ್ ಮಾಡಿದೆ. ಎರಡನೆಯ ಸಲ ಪೂರ್ತಿ ಹೇಳಲಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಂದ. ಟ್ಯಾಂಕಿಗೆ ಗುದ್ದು ಬಿದ್ದ ಹಳೆಯ ಬೈಕು. ಹಿಂದಿನ ಚಕ್ರದ ಎಡಭಾಗವೆಲ್ಲ ಕಿಟಕಿಯ ಗ್ರಿಲ್ಲಿನಂಥ ದಪ್ಪ ಜಾಳಗಿಯೊಳಗೆ ಬಂದಿ! ಕಾಲಿಡಲು ಮಣೆಯಗಲದ ಕಬ್ಬಿಣದ ಹಲಗೆ. ಉಳಿದ ಹಣವನ್ನೆಲ್ಲ ವೆಲ್ಡಿಂಗ್ ಅಂಗಡಿಗೆ ಸುರಿದು ಬಂದಿದ್ದ.

"ಇದೇನು, ಕೋಳಿ ಸಾಕಾಂವ ಏನು?" ಎಂದೆ.

"ನಾಳೆ ಕುಂತು ನೋಡು."

ಸೋಮವಾರ ಬೆಳಿಗ್ಗೆ ಕುಳಿತೆ. ಗಾಡಿ ಹೊರಡಲೇ ಇಲ್ಲ, ಶಾಲೆಯ ಗಂಟೆ ಹೊಡೆಯುವ ಹೊತ್ತು ಹತ್ತಿರವಾಗುತ್ತಿದೆ! ಇವನು ಇಳಿದು ಸುತ್ತಿ ಬಂದು ಬಗ್ಗಿದ. ನನ್ನ ಎಡಪಾದವನ್ನು ಎರಡೂ ಕೈಯಿಂದ ಹಿಡಿದು, ಹಿಮ್ಮಡಿಯನ್ನು ಜಾಳಗಿಗೆ ಒತ್ತಿ ನೋಡಿದ. ಒಳಗೆ ಹೋಗಲಿಲ್ಲ.

"ಹೂಂ. ಈಗ ಹೋಗೂದಿಲ್ಲ," ಎಂದ.

ಆಗ ನೆನಪಾಯಿತು. ಹುಡುಗರಾಗಿದ್ದಾಗ ಬಾಡಿಗೆ ಸೈಕಲ್ಲಿನ ಹಿಂದೆ ನನ್ನನ್ನು ಕೂಡಿಸಿಕೊಂಡು ಕಾನ್ವೆಂಟಿಗೆ ಬಿಡುತ್ತಿದ್ದವನು ಇವನೇ. ಒಂದು ದಿನ ನನ್ನ ಹಿಮ್ಮಡಿ ಚಕ್ರದ ಕಡ್ಡಿಗಳೊಳಗೆ ಸಿಕ್ಕಿತು. ಸಿಸ್ಟರ್ ನನ್ನನ್ನು ಎತ್ತಿಕೊಂಡು ಒಳಗೆ ಹೋದರು, ಬ್ಯಾಂಡೇಜ್ ಕಟ್ಟಿದರು, ಟಾಫಿ ಕೊಟ್ಟರು. ಇವನಿಗೆ ಯಾರೂ ಏನೂ ಹೇಳಲಿಲ್ಲ. ಶಾಲೆ ಬಿಡುವ ತನಕ ಗೇಟಿನ ಹೊರಗೆ, ನನ್ನ ಒಂದು ಶೂ ಹಿಡಿದುಕೊಂಡು ನಿಂತಿದ್ದನಂತೆ. ಗಾಯ ಮಾಯಿತು, ನಾನು ಮರೆತೆ.

ಗುತ್ತಲದ ರಸ್ತೆಯಲ್ಲಿ ಹಿಂದೆ ಲಾರಿಯೊಂದು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಇವನು ದಾರಿ ಬಿಡಲೇ ಇಲ್ಲ. ಕನ್ನಡಿ ನೋಡಬಾರದೇ ಎಂದು ಬೈಯಲು ಬಾಯಿ ತೆರೆದವಳು ಬಗ್ಗಿ ನೋಡಿದೆ. ಎಡಗಡೆಯ ಕನ್ನಡಿಯನ್ನು ಅವನು ಪೂರ್ತಿ ಕೆಳಗೆ ತಿರುಗಿಸಿಕೊಂಡಿದ್ದ. ಅದರಲ್ಲಿ ಲಾರಿ ಇರಲಿಲ್ಲ. ನನ್ನ ಚಪ್ಪಲಿ ಇತ್ತು.

ನಾನು ಅವನಿಗೆ ಚೆನ್ನಾಗಿ ಕಾಣುವಂತೆ ಕಾಲನ್ನು ಹಲಗೆಯ ಮೇಲೆ ಸರಿಯಾಗಿ ಇಟ್ಟುಕೊಂಡೆ.